2147483647 ಅವಿಭಾಜ್ಯವೇ? ವಹಿಯಲ್ಲಿಯೂ ಪ್ರೋಗ್ರಾಂನಲ್ಲಿಯೂ ಖಚಿತ ಮಾಡಿಕೊಳ್ಳುವ ಬಗೆ

ಪ್ರಶ್ನೆ: ಸರ್, ನಾನು ಜಮಖಂಡಿಯಾಕಿ, ಬಿಎಸ್‌ಸಿ ಎರಡನೇ ವರ್ಷ ಓದಾಕತ್ತೀನ್ರಿ. 2147483647 ಅವಿಭಾಜ್ಯ ಸಂಖ್ಯೆ ಅಂತ ಪುಸ್ತಕದಾಗ ಐತಿ. ಜಾವಾದಾಗ ಪ್ರೋಗ್ರಾಂ ಬರದು ನೋಡಿದ್ರ ಸಣ್ಣ ಸಂಖ್ಯೆಗೆಲ್ಲ ಸರಿ ಉತ್ತರ ಬರ್ತೈತಿ, ಇದಕ್ಕ ಮಾತ್ರ ಭಾಳ ಹೊತ್ತು ತಗೊಂಡು ‘ಅವಿಭಾಜ್ಯ ಅಲ್ಲ’ ಅಂತೈತಿ. ಲೂಪ್ 2ರಿಂದ ಶುರು, ‘ಐ × ಐ ≤ ಎನ್’ ಇರೋತನಕ, ಎಲ್ಲಾ ‘ಇಂಟ್’. ತಪ್ಪು ಎಲ್ಲೈತ್ರಿ? ಕಂಪ್ಯೂಟರ್ ಇಲ್ಲದಾಗ ಇದನ್ನ ಹೆಂಗ ಸಾಧಿಸಿದ್ರು? ಈ ಒಂದು ಸಂಖ್ಯೆ ಮ್ಯಾಲೆ ಇಷ್ಟ್ಯಾಕ ಬರೀತಾರ? 2ಕ್ಕ ಇದನ್ನೇ ಘಾತ ಹಾಕಿ 1 ಕಳದ್ರ ಅದೂ ಅವಿಭಾಜ್ಯ ಆಗ್ತೈತೇನ್ರಿ?

ಉತ್ತರ: ಪುಸ್ತಕದಲ್ಲಿ ಇರುವುದು ಸರಿ. ನಿಮ್ಮ ತರ್ಕವೂ ಸರಿ. ಎಡವಿದ್ದು ‘ಇಂಟ್’.

ಜಾವಾದಲ್ಲಿ ‘ಇಂಟ್’ 32 ಬಿಟ್‌ನದು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆಯೇ 2147483647, ಅಂದರೆ 214 ಕೋಟಿ 74 ಲಕ್ಷ 83 ಸಾವಿರದ 647. ನಿಮ್ಮ ‘ಐ’ 46340 ಆದಾಗ ಅದರ ವರ್ಗ 2147395600. ಇಲ್ಲಿಯವರೆಗೆ ತೊಂದರೆ ಇಲ್ಲ. ಮುಂದಿನ 46341ರ ವರ್ಗ 2147488281. ಇದು ‘ಇಂಟ್’ನಲ್ಲಿ ಹಿಡಿಯುವುದಿಲ್ಲ, ಸುತ್ತು ಹೊಡೆದು −2147479015 ಆಗುತ್ತದೆ. ಋಣ ಸಂಖ್ಯೆ ‘ಎನ್’ಗಿಂತ ಚಿಕ್ಕದೇ ಆದ್ದರಿಂದ ಲೂಪ್ ನಿಲ್ಲುವುದಿಲ್ಲ. ‘ಐ’ ಎಷ್ಟೇ ಬೆಳೆದರೂ ಗುಣಲಬ್ಧ 2147483647ನ್ನು ಮೀರುವ ಹಾಗೇ ಇಲ್ಲ, ಹಾಗಾಗಿ ನಿಮ್ಮ ಷರತ್ತು ಈ ಒಂದು ಸಂಖ್ಯೆಯ ಮಟ್ಟಿಗೆ ಯಾವಾಗಲೂ ನಿಜ. ಲೂಪ್‌ನಿಂದ ಹೊರಬರಲು ಉಳಿದ ದಾರಿ ಒಂದೇ, ಯಾವುದಾದರೂ ಭಾಜಕ ಸಿಗಬೇಕು. ಅದು 214 ಕೋಟಿ ಹೆಜ್ಜೆ ನಡೆದು ಕೊನೆಗೆ 2147483647ಕ್ಕೇ ಬಂದು, ಸಂಖ್ಯೆಯನ್ನು ಅದರಿಂದಲೇ ಭಾಗಿಸಿ, ಶೇಷ ಸೊನ್ನೆ ಕಂಡು ‘ಅವಿಭಾಜ್ಯ ಅಲ್ಲ’ ಎನ್ನುತ್ತದೆ. ಸಿಕ್ಕ ಭಾಜಕವನ್ನು ಪ್ರಿಂಟ್ ಮಾಡಿಸಿ ನೋಡಿ, ಇದೇ ಸಂಖ್ಯೆ ಕಾಣುತ್ತದೆ. ಹೊತ್ತು ಹಿಡಿದದ್ದೂ ಇದಕ್ಕೇ.

ಷರತ್ತನ್ನು ‘ಐ ≤ ಎನ್ ÷ ಐ’ ಎಂದು ಬರೆಯಿರಿ, ಇಲ್ಲವೇ ‘ಐ’ಯನ್ನು 64 ಬಿಟ್‌ನ ‘ಲಾಂಗ್’ ಮಾಡಿ. ಆಗ ಭಾಗಾಕಾರಗಳು 46,339 ಮಾತ್ರ, ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತವೆ. ಇದೇ ಪ್ರೋಗ್ರಾಂ ಸಿ ಭಾಷೆಯಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಅಲ್ಲಿ ಚಿಹ್ನೆ ಇರುವ ಪೂರ್ಣಾಂಕ ತುಂಬಿ ಹರಿದರೆ ಏನಾಗಬೇಕೆಂದು ಭಾಷೆಯ ನಿಯಮವೇ ಹೇಳುವುದಿಲ್ಲ. ಕಂಪೈಲರ್ ಬದಲಾದರೆ ಉತ್ತರವೂ ಬದಲಾಗಬಹುದು.

ಈಗ ಕಂಪ್ಯೂಟರ್ ಇಲ್ಲದ ಕಾಲಕ್ಕೆ ಬರೋಣ. ಈ ಸಂಖ್ಯೆ 2³¹ − 1. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ ಮೂವತ್ತೊಂದು 1ಗಳು. 2ರ ಘಾತದಲ್ಲಿ 1 ಕಳೆದರೆ ಬರುವ ಇಂಥ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳು ಎನ್ನುತ್ತಾರೆ. ಇದು ಅವುಗಳಲ್ಲಿ ಎಂಟನೆಯದು. ಘಾತಗಳು 2, 3, 5, 7, 13, 17, 19, 31. ಇಟಲಿಯ ಕಾತಾಲ್ದಿ 1588ರಲ್ಲಿ 2¹⁷ − 1 ಮತ್ತು 2¹⁹ − 1 ಅವಿಭಾಜ್ಯವೆಂದು ತೋರಿಸಿದ್ದ. ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡುವುದು ಅವನ ದಾರಿ. 2¹⁹ − 1ಕ್ಕೆ ಅಂಥ 128 ಅವಿಭಾಜ್ಯ ಸಾಕು. 2³¹ − 1ಕ್ಕೆ ಅದೇ ದಾರಿ ಹಿಡಿದರೆ ಸುಮಾರು 4,800 ಅವಿಭಾಜ್ಯಗಳಿಂದ ಹತ್ತಂಕಿಯ ಸಂಖ್ಯೆಯನ್ನು ಭಾಗಿಸಬೇಕು. ಆಯ್ಲರ್ 1772ರಲ್ಲಿ ಇದನ್ನು ಸಾಧಿಸಿದ್ದು ಹೆಚ್ಚು ಭಾಗಿಸಿ ಅಲ್ಲ. ಯಾವುದರಿಂದ ಭಾಗಿಸಬೇಕಾಗಿಯೇ ಇಲ್ಲ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡ. ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವಾಳ ಇಲ್ಲೇ ಇದೆ. ಸಂಖ್ಯೆಯ ರೂಪವೇ ಅದರ ಭಾಜಕಗಳ ರೂಪವನ್ನೂ ಕಟ್ಟಿಹಾಕುತ್ತದೆ.

ತರ್ಕ ಹೀಗೆ. 2³¹ − 1ನ್ನು ‘ಭ’ ಎಂಬ ಅವಿಭಾಜ್ಯ ಭಾಗಿಸುತ್ತದೆ ಎಂದುಕೊಳ್ಳಿ. ಹಾಗಾದರೆ 2³¹ನ್ನು ಭ ದಿಂದ ಭಾಗಿಸಿದರೆ ಶೇಷ 1. 2ರ ಘಾತಗಳನ್ನು ಒಂದೊಂದಾಗಿ ಭಾಗಿಸುತ್ತ ಹೋದರೆ ಶೇಷ 1 ಮೊದಲ ಸಲ ಯಾವ ಘಾತದಲ್ಲಿ ಬರುತ್ತದೋ ಆ ಘಾತ 31ನ್ನು ಭಾಗಿಸಲೇಬೇಕು. 31 ತಾನೇ ಅವಿಭಾಜ್ಯ, ಮೊದಲನೇ ಘಾತದಲ್ಲಿ ಶೇಷ 1 ಬರಲು ಸಾಧ್ಯವಿಲ್ಲ, ಆದ್ದರಿಂದ ಅದು 31ರಲ್ಲೇ ಬರುತ್ತದೆ. ಫರ್ಮಾನ ಪ್ರಮೇಯದಂತೆ (ಭ − 1)ನೇ ಘಾತದಲ್ಲೂ ಶೇಷ 1. ಎರಡನ್ನೂ ಕೂಡಿಸಿದರೆ ಭ − 1 ಎಂಬುದು 31ರ ಅಪವರ್ತ್ಯ. ಭ ಬೆಸ ಸಂಖ್ಯೆಯಾದ್ದರಿಂದ ಭ − 1 ಸಮ, ಅಂದರೆ 62ರ ಅಪವರ್ತ್ಯ. ಇಷ್ಟರಿಂದಲೇ ಬಹುಪಾಲು ಅವಿಭಾಜ್ಯಗಳು ಪಟ್ಟಿಯಿಂದ ಬಿದ್ದುಹೋದವು.

ಇನ್ನೊಂದು ಜರಡಿ ಉಂಟು. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಅಂದರೆ 2¹⁶ರ ವರ್ಗ. ಅಂದರೆ ಭ ದ ಶೇಷಗಳ ಲೋಕದಲ್ಲಿ 2 ಒಂದು ಪೂರ್ಣ ವರ್ಗ. ಹಾಗಿರಬೇಕಾದರೆ ಭ ವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಇರಲೇಬೇಕು. ಇದು ವರ್ಗಶೇಷಗಳ ಪ್ರಸಿದ್ಧ ನಿಯಮ. ಎರಡೂ ಷರತ್ತು ಕೂಡಿದರೆ ಭ ದ ರೂಪ 248ರ ಅಪವರ್ತ್ಯಕ್ಕೆ 1 ಕೂಡಿಸಿದ್ದು, ಇಲ್ಲವೇ 63 ಕೂಡಿಸಿದ್ದು. ಬೇರೆ ಯಾವುದೂ ಭಾಜಕ ಆಗಲಾರದು.

2147483647ರ ವರ್ಗಮೂಲ 46340 ಮತ್ತು 46341ರ ನಡುವೆ ಇದೆ. ಅಲ್ಲಿಯವರೆಗೆ ಮೊದಲ ರೂಪದವು 186, ಎರಡನೇ ರೂಪದವು 187. ಅದರಲ್ಲಿ 63 ಅವಿಭಾಜ್ಯವಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಉಳಿದದ್ದು 372. ಇವುಗಳಲ್ಲೂ 3, 5, 7ರಿಂದ ಭಾಗ ಹೋಗುವುದನ್ನು ಹೊಡೆದುಹಾಕಿದರೆ ಅರ್ಧಕ್ಕಿಂತ ಹೆಚ್ಚು ಉದುರುತ್ತವೆ. ಪಟ್ಟಿಯ ಆರಂಭ ನೋಡಿ: 249 (3 × 83), 311, 497 (7 × 71), 559 (13 × 43), 745, 807, 993, 1055, 1241 (17 × 73), 1303, 1489. ಮೊದಲ ಹನ್ನೊಂದರಲ್ಲಿ ನಿಜವಾಗಿ ಪರೀಕ್ಷಿಸಬೇಕಾದ ಅವಿಭಾಜ್ಯಗಳು ಮೂರೇ: 311, 1303, 1489.

ಪರೀಕ್ಷೆಗೂ ಉದ್ದ ಭಾಗಾಕಾರ ಬೇಕಿಲ್ಲ. 2¹⁶ = 65536. ಅದನ್ನು ಭ ದಿಂದ ಭಾಗಿಸಿ ಶೇಷ ತೆಗೆಯಿರಿ. ಆ ಶೇಷವನ್ನು ವರ್ಗ ಮಾಡಿ ಮತ್ತೆ ಭ ದಿಂದ ಭಾಗಿಸಿ. ಶೇಷ 2 ಬಂದರೆ ಭಾಜಕ ಸಿಕ್ಕಿತು. ಬೇರೇನು ಬಂದರೂ ಅದು ಭಾಜಕವಲ್ಲ. 311ಕ್ಕೆ ಮಾಡಿ ನೋಡೋಣ. 65536ರಲ್ಲಿ 311 ಇನ್ನೂರಹತ್ತು ಸಲ ಹೋಗಿ 226 ಉಳಿಯುತ್ತದೆ. 226ಕ್ಕಿಂತ 226 − 311 = −85 ಸಣ್ಣದು, ಅದನ್ನೇ ಇಟ್ಟುಕೊಳ್ಳಿ. 85ರ ವರ್ಗ 7225; 311 × 23 = 7153; ಶೇಷ 72. 2 ಅಲ್ಲ, 311 ಹೋಯಿತು. 1303ಕ್ಕೆ ಮೊದಲ ಶೇಷ 386, ಅದರ ವರ್ಗ 148996, ಶೇಷ 454. ಹೋಯಿತು. 1489ಕ್ಕೆ ಮೊದಲ ಶೇಷ ಬರೀ 20, ವರ್ಗ 400. ಅದೂ ಹೋಯಿತು. ಅರ್ಧಕ್ಕಿಂತ ದೊಡ್ಡ ಶೇಷ ಬಂದಾಗಲೆಲ್ಲ ಹೀಗೆ ಭ ಕಳೆದು ಋಣ ಮಾಡಿಕೊಂಡರೆ ಪಟ್ಟಿಯ ಕೊನೆಯಲ್ಲೂ ವರ್ಗ ಒಂಬತ್ತಂಕಿ ದಾಟುವುದಿಲ್ಲ. ಒಂದು ವಹಿ, ಕೆಲವು ಸಂಜೆಗಳಲ್ಲಿ ಮುಗಿಯುವ ಕೆಲಸ.

ಕೈಲೆಕ್ಕದಲ್ಲಿ ತಪ್ಪು ಅಡಗುವ ಜಾಗ ಒಂದಿದೆ. ಭಾಜಕವಲ್ಲದ ಸಂಖ್ಯೆಗೆ ಲೆಕ್ಕ ತಪ್ಪಿದರೆ ಶೇಷ ಬೇರೆ ಬರುತ್ತದೆ, ತೀರ್ಮಾನ ಬಹುಪಾಲು ಬದಲಾಗುವುದಿಲ್ಲ. ನಿಜವಾದ ಭಾಜಕದ ಜಾಗದಲ್ಲಿ ತಪ್ಪಿದರೆ ಮಾತ್ರ ಇಡೀ ಸಾಧನೆ ಸುಳ್ಳಾಗುತ್ತದೆ, ಆದರೆ ಆ ಸಾಲು ಉಳಿದ ಸಾಲುಗಳ ಹಾಗೆಯೇ ಕಾಣುತ್ತದೆ. ಆದ್ದರಿಂದ ಪ್ರತಿ ಸಾಲನ್ನೂ ಅಂಕಿಗಳನ್ನು ಕೂಡಿ 9 ತೆಗೆಯುವ ವಿಧಾನದಿಂದ ತಾಳೆ ನೋಡಿ. 7225 = 311 × 23 + 72 ಎಂಬಲ್ಲಿ ಎಡಗಡೆ 7; ಬಲಗಡೆ 5 × 5 = 25 ಅಂದರೆ 7, 72 ಅಂದರೆ 0; ಕೂಡಿದರೆ 7. ಸರಿಹೊಂದಿತು. ಅಂಕಿ ಅದಲುಬದಲಾದ ತಪ್ಪನ್ನು ಇದು ಹಿಡಿಯುವುದಿಲ್ಲ; ಅದಕ್ಕೆ 11ರ ತಾಳೆಯನ್ನೂ (ಬಲದಿಂದ ಅಂಕಿಗಳನ್ನು ಒಂದು ಕೂಡಿ ಒಂದು ಕಳೆಯುತ್ತ ಹೋಗಿ 11 ತೆಗೆಯುವುದು) ಮಾಡಿಕೊಳ್ಳಬೇಕು.

ಘಾತ ಅವಿಭಾಜ್ಯವಾದರೆ ಸಾಕು, ಸಂಖ್ಯೆಯೂ ಅವಿಭಾಜ್ಯ ಎಂದುಕೊಳ್ಳುವುದು ವಿದ್ಯಾರ್ಥಿಗಳಲ್ಲಿ ನಾನು ಹೆಚ್ಚು ಕಾಣುವ ತಪ್ಪು ತಿಳಿವಳಿಕೆ. 2¹¹ − 1 = 2047 = 23 × 89. 2²³ − 1 = 8388607 = 47 × 178481. 2²⁹ − 1 = 233 × 1103 × 2089. ಮೊದಲ ಎರಡರಲ್ಲಿ ಒಂದು ನಿಯಮ ಇದೆ. ಘಾತವನ್ನು 4ರಿಂದ ಭಾಗಿಸಿದಾಗ ಶೇಷ 3 ಉಳಿದು, ಘಾತದ ಎರಡರಷ್ಟಕ್ಕೆ 1 ಕೂಡಿಸಿದ್ದು ಅವಿಭಾಜ್ಯವಾದರೆ, ಅದೇ ಭಾಜಕ. 11ಕ್ಕೆ 23, 23ಕ್ಕೆ 47. 31ನ್ನೂ 4ರಿಂದ ಭಾಗಿಸಿದರೆ ಶೇಷ 3. ಆದರೆ 63 ಅವಿಭಾಜ್ಯವಲ್ಲ, ಹಾಗಾಗಿ ಈ ಬಲೆಗೆ ಬೀಳಲಿಲ್ಲ. ಈ ಸಂಖ್ಯೆಗಳಿಗೆ ಹೆಸರು ಬಂದ ಫ್ರಾನ್ಸಿನ ಮರ್ಸೆನ್ ತಾನೇ 1644ರಲ್ಲಿ ಕೊಟ್ಟ ಘಾತಗಳ ಪಟ್ಟಿಯಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. 2⁶⁷ − 1 = 193707721 × 761838257287 ಎಂದು ಅಮೆರಿಕದ ಗಣಿತಜ್ಞ ಕೋಲ್ ತೋರಿಸಿದ್ದು 1903ರಲ್ಲಿ.

ಪ್ರೋಗ್ರಾಂ ಬರೆಯುವವರಿಗೆ ಇನ್ನೂ ಚುರುಕಾದ ದಾರಿ ಲೂಕಾ–ಲೆಹ್ಮರ್ ಪರೀಕ್ಷೆ. 4ರಿಂದ ಶುರು ಮಾಡಿ. ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಎರಡೂ ಕಡೆಗೆ ಖಚಿತ. 2⁷ − 1 = 127ಕ್ಕೆ ಐದು ಹೆಜ್ಜೆ: 4 ರಿಂದ 14, ಆಮೇಲೆ 67, 42, 111, ಕೊನೆಗೆ 0. 2047ಕ್ಕೆ ಒಂಬತ್ತು ಹೆಜ್ಜೆ: 14, 194, 788, 701, 119, 1877, 240, 282, 1736. ಸೊನ್ನೆ ಬರಲಿಲ್ಲ. ನಿಮ್ಮ ಸಂಖ್ಯೆಗೆ 29 ಹೆಜ್ಜೆ ಸಾಕು. ವರ್ಗ 2⁶²ಕ್ಕಿಂತ ಚಿಕ್ಕದು, ‘ಲಾಂಗ್’ನಲ್ಲಿ ಆರಾಮವಾಗಿ ಹಿಡಿಯುತ್ತದೆ.

ಇಲ್ಲಿ ಭಾಗಾಕಾರವೂ ಬೇಡ. 127ರಿಂದ ಭಾಗಿಸುವ ಬದಲು 128ರಿಂದ ಭಾಗಿಸಿ, ಭಾಗಲಬ್ಧಕ್ಕೆ ಶೇಷ ಕೂಡಿಸಿದರೆ ಸಾಕು. 67² − 2 = 4487 = 35 × 128 + 7, ಕೂಡಿದರೆ 42. ದ್ವಿಮಾನದಲ್ಲಿ 128ರ ಭಾಗಾಕಾರ ಅಂದರೆ ಏಳು ಬಿಟ್ ಸರಿಸುವುದು ಅಷ್ಟೇ. ನಿಮ್ಮ ಸಂಖ್ಯೆಗೆ 31 ಬಿಟ್ ಸರಿಸಬೇಕು. ಆದರೆ ಕೊನೆಯ ಹೆಜ್ಜೆ ನೋಡಿ: 111² − 2 = 12319 = 96 × 128 + 31, ಕೂಡಿದರೆ 127. ಇದು ಸೊನ್ನೆಗೆ ಸಮ, ಆದರೆ ಪ್ರೋಗ್ರಾಂ ‘ಸೊನ್ನೆ ಬಂತೇ’ ಎಂದು ಮಾತ್ರ ಕೇಳಿದರೆ ‘ಅವಿಭಾಜ್ಯ ಅಲ್ಲ’ ಎಂದುಬಿಡುತ್ತದೆ. ಕೂಡಿದ ಮೊತ್ತ ಸಂಖ್ಯೆಗೆ ಸಮ ಅಥವಾ ದೊಡ್ಡದಿದ್ದರೆ ಒಮ್ಮೆ ಕಳೆಯುವ ಸಾಲನ್ನು ಮರೆಯಬೇಡಿ. ಘಾತ 2ಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ, 3ನ್ನು ಪ್ರತ್ಯೇಕ ಬರೆಯಿರಿ. ಪ್ರೋಗ್ರಾಂ ಸರಿಯಿದೆಯೇ ಎಂದು ತಿಳಿಯಲು ಕೊನೆಯದಕ್ಕಿಂತ ಒಂದು ಹೆಜ್ಜೆ ಹಿಂದಿನ ಬೆಲೆ ಪ್ರಿಂಟ್ ಮಾಡಿಸಿ. ಮುಂದಿನದು ಸೊನ್ನೆ ಆಗಬೇಕಾದರೆ ಅದರ ವರ್ಗದ ಶೇಷ 2 ಇರಬೇಕು. ಹಾಗಾಗಿ 2³¹ − 1ಕ್ಕೆ ಅದು 65536 ಇಲ್ಲವೇ 2147418111 ಆಗಲೇಬೇಕು. ಮೂರನೇ ಸಂಖ್ಯೆ ಕಂಡರೆ ತಪ್ಪು ಪ್ರೋಗ್ರಾಂನಲ್ಲಿದೆ.

ಆದರೆ ಫರ್ಮಾ ಪರೀಕ್ಷೆಯನ್ನು 2ರ ಆಧಾರದಲ್ಲಿ (2ಕ್ಕೆ ಸಂಖ್ಯೆಗಿಂತ ಒಂದು ಕಡಿಮೆ ಘಾತ ಹಾಕಿ, ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರುತ್ತದೆಯೇ ಎಂದು ನೋಡುವುದು) ಇಲ್ಲಿ ಬಳಸಬೇಡಿ. ಘಾತ ಅವಿಭಾಜ್ಯವಾದ ಪ್ರತಿಯೊಂದು ಮರ್ಸೆನ್ ಸಂಖ್ಯೆಯೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ, 2047 ಕೂಡ. ಮಿಲ್ಲರ್–ರಾಬಿನ್‌ನಂಥ ಗಟ್ಟಿ ಪರೀಕ್ಷೆಯನ್ನೂ 2ರ ಆಧಾರದಲ್ಲಿ ಮೋಸಗೊಳಿಸುವ ಅತಿ ಚಿಕ್ಕ ಸಂಖ್ಯೆ ಇದೇ 2047. ಆಧಾರ 3 ಹಿಡಿದರೆ ಅದು ಸಿಕ್ಕಿಬೀಳುತ್ತದೆ. 32 ಬಿಟ್ ಒಳಗಿನ ಎಲ್ಲ ಸಂಖ್ಯೆಗೂ ಮಿಲ್ಲರ್–ರಾಬಿನ್ ಪರೀಕ್ಷೆಯನ್ನು 2, 7, 61 ಎಂಬ ಮೂರು ಆಧಾರಗಳಲ್ಲಿ ಮಾಡಿದರೆ ಉತ್ತರ ಸಂಭವನೀಯವಲ್ಲ, ಖಚಿತ.

ಇನ್ನು ಇದರ ಗುಣಗಳು. ಅವಿಭಾಜ್ಯಗಳ ಸಾಲಿನಲ್ಲಿ ಇದು 10,50,97,565ನೆಯದು. ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. 4ರಿಂದ ಭಾಗಿಸಿದರೆ ಶೇಷ 3, ಆದ್ದರಿಂದ ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. 2³⁰ರಿಂದ ಗುಣಿಸಿದರೆ 2305843008139952128 ಎಂಬ ಪರಿಪೂರ್ಣ ಸಂಖ್ಯೆ ಬರುತ್ತದೆ. ಅದನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಅದೇ ಸಂಖ್ಯೆ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಕಂಡುಹಿಡಿಯಲಾರರು ಎಂದು ಇಂಗ್ಲೆಂಡಿನ ಬಾರ್ಲೋ 1811ರಲ್ಲಿ ಬರೆದಿದ್ದ. 1876ರಲ್ಲಿ ಲೂಕಾ 2¹²⁷ − 1 ಅವಿಭಾಜ್ಯವೆಂದು ತೋರಿಸಿದಾಗ ಅದರಿಂದ ಇನ್ನೂ ದೊಡ್ಡ ಪರಿಪೂರ್ಣ ಸಂಖ್ಯೆ ಸಿಕ್ಕಿ ಆ ಮಾತು ಸುಳ್ಳಾಯಿತು.

ಬಳಕೆಯ ದೃಷ್ಟಿಯಿಂದ ದೊಡ್ಡ ಗುಣ ಇನ್ನೊಂದು. ಇದರಲ್ಲಿ 1 ಕಳೆದದ್ದು 2 × 3² × 7 × 11 × 31 × 151 × 331. 7ರ ಘಾತಗಳನ್ನು ಈ ಸಂಖ್ಯೆಯಿಂದ ಭಾಗಿಸುತ್ತ ಹೋದರೆ 1ರಿಂದ 2147483646ರವರೆಗಿನ ಎಲ್ಲ ಶೇಷಗಳೂ ಒಂದನ್ನೂ ಬಿಡದೆ ಬಂದಮೇಲೆಯೇ ಸುತ್ತು ಮತ್ತೆ ಶುರುವಾಗುತ್ತದೆ. 2ರ ಘಾತಗಳಾದರೆ 31 ಹೆಜ್ಜೆಗೇ ಸುತ್ತು ಮುಗಿಯುತ್ತದೆ. ಮೇಲಿನ ಅಪವರ್ತನಗಳಲ್ಲಿ 5 ಇಲ್ಲದ ಕಾರಣ 7ರ ಐದನೇ ಘಾತ 16807ಕ್ಕೂ ಅದೇ ಪೂರ್ಣ ಸುತ್ತು ಇದೆ. ಹಿಂದಿನ ಸಂಖ್ಯೆಯನ್ನು 16807ರಿಂದ ಗುಣಿಸಿ ಶೇಷ ತೆಗೆಯುವ ಯಾದೃಚ್ಛಿಕ ಸಂಖ್ಯೆಗಳ ವಿಧಾನವನ್ನು ಪಾರ್ಕ್ ಮತ್ತು ಮಿಲ್ಲರ್ 1988ರಲ್ಲಿ ಕನಿಷ್ಠ ಮಾನದಂಡವಾಗಿ ಮುಂದಿಟ್ಟರು. ನೀವೇ ಬರೆದು ನೋಡಿ. 1ರಿಂದ ಶುರು ಮಾಡಿದರೆ 10,000ನೇ ಗುಣಾಕಾರದ ಕೊನೆಗೆ 1043618065 ಬರಬೇಕು. ಬರದಿದ್ದರೆ ಗುಣಾಕಾರ ಎಲ್ಲೋ ‘ಇಂಟ್’ನಲ್ಲಿ ತುಂಬಿ ಹರಿದಿದೆ. ಆದರೆ ಗುಟ್ಟಿನ ಕೀಲಿ, ಒಟಿಪಿ ಇಂಥವಕ್ಕೆ ಇದನ್ನು ಎಂದೂ ಬಳಸಬಾರದು. ಒಂದು ಸಂಖ್ಯೆ ಕಂಡವರು ಮುಂದಿನದನ್ನೆಲ್ಲ ಲೆಕ್ಕ ಹಾಕಬಲ್ಲರು.

ಗಡಿಯಾರಕ್ಕೂ ಇದರ ನಂಟಿದೆ. ಹಳೆಯ ಅನೇಕ ವ್ಯವಸ್ಥೆಗಳು ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ 32 ಬಿಟ್‌ನಲ್ಲಿ ಇಡುತ್ತವೆ. 2147483647ನೇ ಸೆಕೆಂಡು ನಮ್ಮ ಜಮಖಂಡಿ, ಮುಧೋಳದ ಗಡಿಯಾರದಲ್ಲಿ 2038ರ ಜನವರಿ 19, ಮಂಗಳವಾರ ಮುಂಜಾನೆ 8 ಗಂಟೆ 44 ನಿಮಿಷ 7 ಸೆಕೆಂಡು. ಕಬ್ಬು ಅರೆಯುವ ಹಂಗಾಮಿನ ನಟ್ಟನಡುವೆ. ಮರುಸೆಕೆಂಡಿಗೆ ಅಂಥ ಗಡಿಯಾರ 1901ರ ಡಿಸೆಂಬರ್‌ಗೆ ಹೋಗುತ್ತದೆ. ಕಾರ್ಖಾನೆಯ ತೂಕದ ಕಾಟಾ, ಹಾಜರಿ ಯಂತ್ರ ಇಂಥವುಗಳಲ್ಲಿ ಹಳೆಯ 32 ಬಿಟ್ ತಂತ್ರಾಂಶ ಇದ್ದರೆ ದಿನಾಂಕವನ್ನು 2038ರ ಫೆಬ್ರುವರಿಗೆ ಇಟ್ಟು ಈಗಲೇ ಪರೀಕ್ಷಿಸಬಹುದು. ಆದರೆ ದಾಖಲೆಗಳ ನಕಲು ತೆಗೆದಿಟ್ಟು, ಹಂಗಾಮು ಇಲ್ಲದ ತಿಂಗಳಲ್ಲಿ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಆಗುವುದಿಲ್ಲ. ಘಾತ 3 ಹಾಕಿದರೆ 7, 7 ಹಾಕಿದರೆ 127, 127 ಹಾಕಿದರೆ 2¹²⁷ − 1, ಇವೆಲ್ಲ ಅವಿಭಾಜ್ಯ. ಹಾಗಾಗಿ ಆಸೆ ಸಹಜ. ಆದರೆ 2ಕ್ಕೆ 2147483647ನ್ನು ಘಾತ ಹಾಕಿ 1 ಕಳೆದ ಸಂಖ್ಯೆಯನ್ನು 295257526626031 ಎಂಬುದು ಭಾಗಿಸುತ್ತದೆ. ಆ ಸಂಖ್ಯೆಯಲ್ಲಿ 64 ಕೋಟಿಗೂ ಹೆಚ್ಚು ಅಂಕಿಗಳಿವೆ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡುರಾಂಟ್ ಕಂಡುಹಿಡಿದ ದಾಖಲೆಯ ಅವಿಭಾಜ್ಯದಲ್ಲೂ (2ರ ಘಾತ 13,62,79,841) ಇರುವುದು 4,10,24,320 ಅಂಕಿ. ಅಷ್ಟು ದೊಡ್ಡದನ್ನು ಬರೆಯದೆಯೇ ಭಾಜಕವನ್ನು ನೀವು ಪರೀಕ್ಷಿಸಬಹುದು. ಮೊದಲು ರೂಪ: 295257526626031 = 137490 × 2147483647 + 1, ಮತ್ತು 8ರಿಂದ ಭಾಗಿಸಿದರೆ ಶೇಷ 7. ಮೇಲಿನ ಎರಡೂ ಜರಡಿಯಿಂದ ಪಾರಾಗಿದೆ. ಆಮೇಲೆ 2ನ್ನು 31 ಸಲ ಒಂದರ ಮೇಲೊಂದು ವರ್ಗ ಮಾಡುತ್ತ, ಪ್ರತಿ ಸಲವೂ ಇದರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಕೊನೆಯ ಶೇಷ 2 ಬರಬೇಕು. ಇಲ್ಲಿ ವರ್ಗಗಳು 29 ಅಂಕಿಯವರೆಗೆ ಬೆಳೆಯುವುದರಿಂದ ‘ಲಾಂಗ್’ ಕೂಡ ಸಾಲದು. ಜಾವಾದಲ್ಲಾದರೆ ‘ಬಿಗ್ ಇಂಟೀಜರ್’ ಬಳಸಿ. ಪೈಥಾನ್‌ನಲ್ಲಿ ಇದ್ದ ಹಾಗೆಯೇ ನಡೆಯುತ್ತದೆ, ನಾಲ್ಕು ಸಾಲಿನ ಪ್ರೋಗ್ರಾಂ.